ಅಮ್ಮನದೂ ದೊಡ್ಡಮ್ಮನದೂ ಒಂದೇ ಕಾಯಿಲೆನಾ?

ಪ್ರಶ್ನೆ: ಅಮ್ಮನಿಗೆ ಎರಡು ಸಲ ಸ್ಟ್ರೋಕ್ ಆದ ಮೇಲೆ ಮರೆವು ಬಂತು. ವ್ಯಾಸ್ಕ್ಯುಲರ್ ಡಿಮೆನ್ಷಿಯಾ ಅಂದರು. ದೊಡ್ಡಮ್ಮನಿಗೆ ಆಲ್‌ಝೈಮರ್. ಎರಡೂ ಬೇರೆ ಬೇರೆ ಅಂತಾರೆ, ಮತ್ತೆ ಒಂದೇ ಮನೆಗೆ ಹೇಗೆ ಬಂದವು? ನನಗೀಗ 46. ಜೀನ್ ಟೆಸ್ಟ್ ಮಾಡಿಸಲೇ? ಅಮ್ಮ ತೀರಿಕೊಂಡು ವರ್ಷವಾಯಿತು, ಅವರ ಆಸ್ಪತ್ರೆ ಫೈಲನ್ನು ರದ್ದಿಗೆ ಹಾಕಬಹುದೇ?
– ಒಬ್ಬ ಓದುಗರು, ಹಾಸನ

ಉತ್ತರ: ನಾನು ಡಾಕ್ಟರಲ್ಲ, ಓದಿ ತಿಳಿದದ್ದನ್ನು ಹೇಳುತ್ತೇನೆ. ಬೇರೆ ಬೇರೆ ಅನ್ನುವುದು ಚೀಟಿಯಲ್ಲಿ ಬರೆಯುವಷ್ಟು ಸಲೀಸಲ್ಲ. ವ್ಯಾಸ್ಕ್ಯುಲರ್‌ನಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಇಲ್ಲವೇ ಸೋರುತ್ತದೆ, ಆಲ್‌ಝೈಮರ್‌ನಲ್ಲಿ ಅಮಿಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳು ಗಂಟುಕಟ್ಟುತ್ತವೆ. ಆದರೆ ತೀರಿಕೊಂಡ ವಯಸ್ಸಾದವರ ಮಿದುಳನ್ನು ಕೊಯ್ದು ನೋಡಿದಾಗ ಎಷ್ಟೋ ಸಲ ಎರಡೂ ಒಟ್ಟಿಗೇ ಸಿಗುತ್ತವೆ.

ಎರಡರ ನಂಟಿಗೆ ಮುಖ್ಯ ಕೊಂಡಿ ಎಪಿಒಇ ಎಂಬ ಜೀನ್. ಕೊಲೆಸ್ಟ್ರಾಲ್ ಹೊರುವ ಪ್ರೋಟೀನು ಮಾಡಿಸುವುದು ಇದರ ಕೆಲಸ. ಇ2, ಇ3, ಇ4 ಎಂದು ಮೂರು ಬಗೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಹೆಚ್ಚಿನವರಲ್ಲಿ ಇರುವುದು ಇ3. ಇ4 ಇದ್ದವರಿಗೆ ಆಲ್‌ಝೈಮರ್ ಜಾಸ್ತಿ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಲನ್ ರೋಸಸ್ ತಂಡ ತೋರಿಸಿತು. ಆಮೇಲೆ ವ್ಯಾಸ್ಕ್ಯುಲರ್ ಡಿಮೆನ್ಷಿಯಾದವರ ಜೀನ್‌ಗಳನ್ನು ಜಾಲಾಡಿದಾಗ ಸಿಕ್ಕಿದ್ದೂ ಇದೇ ಇ4, ಅಲ್ಲಿ ಅದರ ಜೋರು ಕಡಿಮೆ ಅಷ್ಟೆ. ಇ4 ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಅಮಿಲಾಯ್ಡ್ ಬರೀ ಮಿದುಳಿನಲ್ಲಲ್ಲ, ರಕ್ತನಾಳದ ಗೋಡೆಗೂ ಮೆತ್ತಿಕೊಳ್ಳುವಂತೆ ಮಾಡುತ್ತದೆ. ಅಲ್ಲಿಗೆ ಎರಡು ಕಾಯಿಲೆಗೂ ಒಂದೇ ದಾರಿ ಆಯಿತಲ್ವಾ? ಆದರೂ ನನ್ನದೊಂದು ಅನುಮಾನ: ವ್ಯಾಸ್ಕ್ಯುಲರ್ ಅಂತ ಬರೆಸಿಕೊಂಡ ಎಷ್ಟೋ ಜನರಲ್ಲಿ ಆಲ್‌ಝೈಮರ್ ಕೂಡ ಅಡಗಿರುತ್ತದಾದ್ದರಿಂದ, ಈ ನಂಟಿನಲ್ಲಿ ಒಂದಿಷ್ಟು ಪಾಲು ಆ ಕಲಬೆರಕೆಯದೇ ಇರಬಹುದು.

ಟೆಸ್ಟ್ ವಿಚಾರ. ಸುಮ್ನೆ ಕುತೂಹಲಕ್ಕೆ ಬೇಡ ಅನ್ನುತ್ತೇನೆ. ಇ4 ಇದ್ದೂ ಕೊನೆತನಕ ನೆನಪು ಚೆನ್ನಾಗಿರುವವರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಮನೆಯಲ್ಲಿ ಕೈ ಬದಲಾಗುವುದು ಜೀನ್ ಒಂದೇ ಅಲ್ಲ, ಉಪ್ಪಿನಕಾಯಿ ಭರಣಿಯೂ, ಅಂದರೆ ಉಪ್ಪು ಜಾಸ್ತಿ ತಿನ್ನುವ ಅಭ್ಯಾಸವೂ ಕೈ ಬದಲಾಗುತ್ತದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೊದಲು ನೋಡಿಸಿ. 46 ಅದಕ್ಕೆ ಸರಿಯಾದ ವಯಸ್ಸು, ಏಕೆಂದರೆ ನಡುವಯಸ್ಸಿನ ಬಿಪಿಯೇ ಮುಂದೆ ಮಿದುಳನ್ನು ಜಾಸ್ತಿ ಹಾಳುಮಾಡುವುದು.

ಒಂದು ಮಾತ್ರ ಬೇರೆ. ಅಮ್ಮನಿಗೆ ಮೊದಲ ಸ್ಟ್ರೋಕ್ ಆದದ್ದು ಎಷ್ಟನೇ ವಯಸ್ಸಿಗೆ ಅಂತ ನೀವು ಬರೆದಿಲ್ಲ. ಬಿಪಿಯಿಲ್ಲದೆ ನಲವತ್ತು ಐವತ್ತರೊಳಗೆ ಆಗಿದ್ದರೆ, ಅದಕ್ಕೂ ಮುಂಚೆ ವರ್ಷಗಟ್ಟಲೆ ಮೈಗ್ರೇನ್ ಕಾಡಿದ್ದರೆ, ಕ್ಯಾಡಸಿಲ್ ಎಂಬ, ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುವ ಅಪರೂಪದ ಕಾಯಿಲೆಯನ್ನೂ ಯೋಚಿಸಬೇಕಾಗುತ್ತದೆ. ಅದಕ್ಕೆ ಕಾರಣವಾದ ನಾಚ್3 ಜೀನ್ ಪತ್ತೆಯಾದದ್ದು 1996ರಲ್ಲಿ. ಅದು ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಗ ಟೆಸ್ಟಿಗೆ ಅರ್ಥವಿದೆ, ಅದೂ ನರರೋಗ ತಜ್ಞರ ಹತ್ತಿರ ಕೂತು ಮಾತಾಡಿದ ಮೇಲೆ.

ಹಾಗಾಗಿ ಫೈಲ್ ರದ್ದಿಗೆ ಬೇಡ. ಅದರಲ್ಲಿ ಎಂಆರ್‌ಐ ಫಿಲ್ಮ್ ಇದ್ದರೆ ಮಡಿಸದೆ ಎತ್ತಿಡಿ, ದೊಡ್ಡಮ್ಮನ ಮಕ್ಕಳನ್ನೂ ಅವರ ಕಾಗದ ಏನಾಯಿತು ಅಂತ ಕೇಳಿ ನೋಡಿ.