.45-70 ತೋಟಾಕ್ಕೆ ಕರಿಮದ್ದು ಕಡಿಮೆ ಹಾಕಬಹುದೇ?

ಅಮೆರಿಕದಲ್ಲಿರುವ ನೀವು, ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಕೋವಿಯ ಒದೆತ ತಗ್ಗಿಸಲು 70 ಗ್ರೇನ್ ಬದಲು 55 ಗ್ರೇನ್ ಮದ್ದು ಸಾಕೇ ಎಂದು ಕೇಳಿದ್ದೀರಿ. ಸಾಕು. 1870ರ ದಶಕದಲ್ಲಿ ಅಲ್ಲಿನ ಸೇನೆಯೇ ಕುದುರೆ ಸವಾರರ ಕಾರ್ಬೈನಿಗೆ (ಗಿಡ್ಡ ಕೋವಿ) ಅದೇ ಕೇಸಿನಲ್ಲಿ (ತೋಟಾದ ಲೋಹದ ಕವಚ) 55 ಗ್ರೇನ್ (ಸುಮಾರು 3.6 ಗ್ರಾಂ) ಮದ್ದು, 405 ಗ್ರೇನ್ ಗುಂಡು ಕೊಡುತ್ತಿತ್ತು. ಆದರೆ ಉಳಿದ ಜಾಗ ಖಾಲಿ ಬಿಡುವಂತಿಲ್ಲ.

ಮದ್ದಿಗೂ ಗುಂಡಿಗೂ ನಡುವೆ ಗಾಳಿ ಇದ್ದರೆ, ಹೊತ್ತಿದ ಮದ್ದು ಆ ಸಂದಿನಲ್ಲಿ ವೇಗ ಹಿಡಿದು ಗುಂಡಿನ ಬುಡಕ್ಕೆ ಅಪ್ಪಳಿಸುತ್ತದೆ. ಒತ್ತಡ ಅಲ್ಲೊಂದೇ ಕಡೆ ಏರಿ, ಛೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಉಕ್ಕು ಉಂಗುರದ ಆಕಾರದಲ್ಲಿ ಉಬ್ಬುತ್ತದೆ. ಆಮೇಲೆ ಖಾಲಿ ಕೇಸು ಹೊರಬರಲು ಸತಾಯಿಸುತ್ತದೆ. ಮದ್ದಿನ ಮೇಲೆ ಒಂದು ರಟ್ಟಿನ ಬಿಲ್ಲೆ ಒತ್ತಿ, ಅದರ ಮೇಲೆ ಜಾಗ ಖಾಲಿ ಬಿಡುವುದು ಇನ್ನೂ ಕೆಟ್ಟದ್ದು. ಬಿಲ್ಲೆಯೇ ಹಾರಿ ಗುಂಡಿಗೆ ಗುದ್ದುತ್ತದೆ.

ಮೊದಲು ಗುಂಡು ಕೇಸಿನೊಳಗೆ ಎಷ್ಟು ಆಳ ಕೂರುತ್ತದೆ ಎಂದು ಅಳೆದು, ಆ ಆಳವನ್ನು ಒಂದು ಕಡ್ಡಿಯ ಮೇಲೆ ಗುರುತು ಮಾಡಿಕೊಳ್ಳಿ. ಎಫ್‌ಎಫ್‌ಜಿ ಎಂಬ ಕಾಳಿನ ಗಾತ್ರದ ಮದ್ದನ್ನು ಎರಡು ಅಡಿ ಉದ್ದದ ಕೊಳವೆಯಿಂದ ನಿಧಾನಕ್ಕೆ ಸುರಿದರೆ ಕಾಳು ಒತ್ತಾಗಿ ಕೂರುತ್ತದೆ. ಅದರ ಮೇಲೆ ತೆಳು ರಟ್ಟಿನ ಬಿಲ್ಲೆ, ನಂತರ ಭರ್ತಿಗೆ ಒಣ ಗೋಧಿ ರವೆ (ಅಲ್ಲಿ ಸಿಗುವ ಕ್ರೀಮ್ ಆಫ್ ವೀಟ್ ಎಂದರೆ ಇದೇ) ಅಥವಾ ಮೆಕ್ಕೆಜೋಳದ ತರಿ ಹಿಟ್ಟು, ಮೇಲೆ ಇನ್ನೊಂದು ಬಿಲ್ಲೆ. ಈ ರಾಶಿ ಗುಂಡಿನ ಬುಡ ಕೂರುವ ಮಟ್ಟಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಮೇಲಿರಬೇಕು. ಅದನ್ನು ಕಂಪ್ರೆಷನ್ ಡೈಯಿಂದ (ಕೇಸಿನೊಳಗಿನ ಮದ್ದು ಒತ್ತುವ ಸಲಕರಣೆ) ಆ ಮಟ್ಟಕ್ಕೆ ಒತ್ತಿ. ಗುಂಡಿನಿಂದಲೇ ಒತ್ತಿದರೆ ಮೆತ್ತನೆಯ ಸೀಸದ ಆಕಾರ ಕೆಡುತ್ತದೆ. ಹತ್ತು ಗ್ರೇನಿನಷ್ಟು ಮಾತ್ರ ಕಡಿಮೆಯಾದರೆ ರವೆ ಬೇಡ, ದಪ್ಪ ಬಿಲ್ಲೆಗಳೇ ಸಾಕು. ಈಗಿನ ಕೇಸುಗಳ ಗೋಡೆ ದಪ್ಪ; ಒತ್ತದೆ 70 ಗ್ರೇನ್ ಹಿಡಿಯುವುದೇ ಇಲ್ಲ. ಹಾಗಾಗಿ ತುಂಬಬೇಕಾದ ಜಾಗ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ.

ಇಲ್ಲಿ ಹೆಚ್ಚು ಜನ ಎಡವುವುದು ಮದ್ದು ಎರಡು ಸಲ ಹಾಕಿ ಅಲ್ಲ, ರವೆ ಹಾಕಲು ಮರೆತು. ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು, ಅದೇ ಕಡ್ಡಿ ಇಳಿಸಿ ಮಟ್ಟ ನೋಡಿ.

ಮಾರ್ಟಿನಿ-ಹೆನ್ರಿ ಎಂಬ ಹಳೆಯ ಬ್ರಿಟಿಷ್ ಕೋವಿಯದರಂಥ, ಕುತ್ತಿಗೆ ಸಣ್ಣಗಿರುವ ಕೇಸಿಗೆ ರವೆ ಹಾಕಬೇಡಿ. ಭುಜದ ಬಳಿ ಬಿಗಿದುಕೊಂಡು ಒತ್ತಡ ಏರೀತು. ಕರಿಮದ್ದಿನ ಬದಲಿ ಪುಡಿಗಳಿಗೆ ತಯಾರಕರ ಸೂಚನೆಯೇ ಬೇರೆ, ಕೆಲವು ಭರ್ತಿಯನ್ನೇ ಒಪ್ಪುವುದಿಲ್ಲ. ಇನ್ನು ಹೊಗೆರಹಿತ ಮದ್ದನ್ನು ಈ ಅಳತೆಯಲ್ಲಿ ಹಾಕಿದರೆ ಕೋವಿ ಸಿಡಿಯುತ್ತದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ.

ಗುಂಡಿಗೆ ಸವರಲು ಜೇನುಮೇಣಕ್ಕೆ ಆಲಿವ್ ಎಣ್ಣೆ ಬೆರೆಸಿದ್ದು ಚೆನ್ನ. ಪೆಟ್ರೋಲಿಯಂ ಗ್ರೀಸಿಗೆ ನಳಿಗೆಯಲ್ಲಿ ಮಸಿ ಗಟ್ಟಿ ಕಟ್ಟುತ್ತದೆ. ಹೊಡೆದ ದಿನವೇ ನಳಿಗೆಯನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಕೇಸುಗಳನ್ನು ಸಾಬೂನು ನೀರಿಗೆ ಹಾಕಿ.