ನನ್ನಂತೆಯೇ ಆಘಾತ ಕಂಡವರ ಗುಂಪಿಗೆ ಹೋಗಿ ಎಲ್ಲ ಹೇಳಿಬಿಟ್ಟರೆ ಬೇಗ ವಾಸಿಯಾಗುತ್ತಾ? ಕೌನ್ಸೆಲರ್ ಬೇಕಾ, ಗುಂಪೇ ಸಾಕಾ?

ಹೋಗಿ. ಆದರೆ ಮೊದಲ ದಿನವೇ ಎಲ್ಲ ಹೇಳಬೇಡಿ. ನಾನು ಹೇಳಿದ್ದೆ.

ರಸ್ತೆ ಅಪಘಾತದಲ್ಲಿ ನಾನು ಬದುಕಿದೆ, ಪಕ್ಕದಲ್ಲಿದ್ದ ಗೆಳೆಯ ಉಳಿಯಲಿಲ್ಲ. ಮನೆಯವರು "ಆದದ್ದಾಯ್ತು, ಮರೆತುಬಿಡು" ಅಂದರು. ಅವರ ಕಾಳಜಿ ನಿಜವೇ, ಆದರೆ ಆಮೇಲೆ ನಾನು ಬಾಯಿ ಬಿಡಲಿಲ್ಲ. ಹಾಗಾಗಿ ಗುಂಪು ಸಿಕ್ಕಾಗ ಕಟ್ಟೆಯೊಡೆದ ಹಾಗಾಯಿತು. ರಕ್ತ, ಒಡೆದ ಗಾಜು, ಅವನ ಕೊನೆಯ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಗುಂಪು ನಡೆಸುವವರು "ಸ್ವಲ್ಪ ನಿಲ್ಲಿಸಿ, ನೀರು ಕುಡೀರಿ" ಅಂದರೂ ನಿಲ್ಲಿಸಲಿಲ್ಲ. ಹೇಳಿಕೊಂಡರೆ ಹಗುರಾಗುತ್ತೆ ಅಂತ ನಂಬಿದ್ದೆ. ಹಗುರಾಗಿದ್ದು ಮನೆ ತಲುಪುವವರೆಗೆ ಮಾತ್ರ. ಆ ರಾತ್ರಿಯಿಂದ ಕಣ್ಣು ಮುಚ್ಚಿದರೆ ಅದೇ ಗಾಜು. ನನ್ನ ಮಾತು ಕೇಳಲಾಗದೆ ಒಬ್ಬರು ಎದ್ದು ಹೋಗಿದ್ದರು ಕೂಡ. ಆ ನಾಚಿಕೆಗೆ ತಿಂಗಳುಗಟ್ಟಲೆ ಅತ್ತ ತಲೆ ಹಾಕಲಿಲ್ಲ. ಉಸಿರು ಹಿಡಿತಕ್ಕೆ ತರುವುದು, ನಡುಕ ಬಂದಾಗ ಏನು ಮಾಡುವುದು, ಯಾವುದೂ ಗೊತ್ತಿಲ್ಲದೆ ನೆನಪನ್ನು ಪೂರ್ತಿ ಕೆದಕಿದ್ದೆ. ಚೇತರಿಕೆಯಲ್ಲಿ ಮೊದಲ ಹಂತ ಸುರಕ್ಷತೆ, ನೆನಪಿನ ಸರದಿ ಆಮೇಲೆ ಅನ್ನುತ್ತಾರೆ ಮನೋವೈದ್ಯೆ ಜುಡಿತ್ ಹರ್ಮನ್. ನಾನು ಮಾಡಿದ್ದು ಅದರ ಉಲ್ಟಾ.

ಮತ್ತೆ ಹೋದಾಗ ಸುಮ್ನೆ ಕೂತೆ. ಹಿರಿಯರೊಬ್ಬರು ಹೇಳಿದರು: "ಬೇರೆಯವರು ಗಾಡಿ ಓಡಿಸುವಾಗಲೂ ನನ್ನ ಬಲಗಾಲು ತಾನಾಗೇ ನೆಲ ಒತ್ತುತ್ತೆ, ಅಲ್ಲಿ ಬ್ರೇಕ್ ಇದೆಯೇನೋ ಅನ್ನೋ ಹಾಗೆ." ನನ್ನ ಕಾಲೂ ಹಾಗೇ ಮಾಡುತ್ತಿತ್ತು. ನನಗೇ ತಲೆ ಕೆಟ್ಟಿದೆ ಅಂದುಕೊಂಡಿದ್ದೆ! ಅವತ್ತು ರಾತ್ರಿ, ಬಹಳ ಕಾಲದ ಮೇಲೆ, ನಡುವೆ ಎಚ್ಚರವಾಗದೆ ಮಲಗಿದೆ.

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1970ರ ಹೊತ್ತಿಗೇ ನ್ಯೂಯಾರ್ಕ್‌ನಲ್ಲಿ ಹೀಗೆ ಕೂತು ಮಾತಾಡತೊಡಗಿದ್ದರು. ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ಅನ್ನುವ ಹೆಸರು ಅಲ್ಲಿನ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಹೆಸರಿಗಿಂತ ಮೊದಲೇ ಅವರು ಒಬ್ಬರಿಗೊಬ್ಬರು ಆಗಿದ್ದರು.

ಇನ್ನು ಕೌನ್ಸೆಲರ್ರಾ ಗುಂಪಾ ಅನ್ನೋದು. ಆ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತೆ ನನಗೆ. ಒಂದರ ಕೆಲಸ ಇನ್ನೊಂದು ಮಾಡಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ ಗುಂಪಿಗಾಗಿ ಕಾಯಬೇಡಿ, ಇವತ್ತೇ ವೈದ್ಯರ ಹತ್ತಿರ ಹೋಗಿ. ಗುಂಪಿನಲ್ಲಿ "ನಂದು ನಿಮಗಿಂತ ಜಾಸ್ತಿ" ಅಂತ ನೋವು ಅಳೆಯುವವರಿದ್ದರೆ, ಮಾತಾಡಲೇಬೇಕು ಅಂತ ಒತ್ತಾಯ ಮಾಡಿದರೆ, ಎದ್ದು ಬನ್ನಿ, ಬೇರೆ ಗುಂಪು ಹುಡುಕಿ. "ಇವತ್ತು ಕೇಳ್ತೀನಿ ಅಷ್ಟೇ" ಅಂದರೆ ಒಳ್ಳೆಯ ಗುಂಪಿನಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.