ಹ್ಯಾಂಡಲ್ ಸಡಿಲ ಇದ್ದ ಮಾತ್ರಕ್ಕೆ ಮಷೀನ್ ಹೋಯ್ತು ಅಂತಲ್ಲ

ಹಳೇ ಡೆಕೆಲ್ ಎಫ್‌ಪಿ1 ಮಿಲ್ಲಿಂಗ್ ಮಷೀನ್ (ತಿರುಗುವ ಕಟರ್‌ನಿಂದ ಲೋಹ ಕತ್ತರಿಸುವ ಯಂತ್ರ) ತಂದಿದ್ದೀರಿ, ಟೇಬಲ್ ಹ್ಯಾಂಡಲ್ 0.3 ಮಿ.ಮೀ. ಸುಮ್ನೆ ತಿರುಗುತ್ತೆ, ಮಷೀನ್ ಸವೆದಿದೆಯಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಹೆದರಬೇಡಿ. ಅದು ಸ್ಕ್ರೂ ಮತ್ತು ನಟ್ ನಡುವಿನ ಸಡಿಲ. ಪ್ರತಿ ಸಲ ಒಂದೇ ದಿಕ್ಕಿನಿಂದ ಬಂದು ಅಳತೆಗೆ ನಿಂತರೆ ಕೆಲಸ ಸರಿಯಾಗೇ ಬರುತ್ತೆ. ಆದರೆ ಕಟರ್ ಹಲ್ಲು ಸಾಗುವ ದಿಕ್ಕಿಗೇ ಟೇಬಲ್ ಓಡಿಸಬೇಡಿ. ಆ ಸಡಿಲದಷ್ಟು ಜಾಬನ್ನು (ಕತ್ತರಿಸುತ್ತಿರುವ ತುಂಡನ್ನು) ಕಟರ್ ಒಮ್ಮೆಲೇ ಎಳೆದುಕೊಳ್ಳುತ್ತೆ, ಹಲ್ಲು ಮುರಿಯುತ್ತೆ.

ನಿಜವಾಗಿ ನೋಡಬೇಕಾದ್ದು ಸ್ಲೈಡ್, ಅಂದ್ರೆ ಟೇಬಲ್ ಜಾರುವ ದಾರಿ. ಟೇಬಲ್ ಮಧ್ಯದಲ್ಲಿದ್ದಾಗ ಗಿಬ್ (ಸ್ಲೈಡ್‌ನ ಸಡಿಲ ಸರಿಮಾಡುವ ಪಟ್ಟಿ) ಹದವಾಗಿ ಬಿಗಿ ಮಾಡಿ, ಆಮೇಲೆ ನಿಧಾನಕ್ಕೆ ತುದಿಯವರೆಗೆ ಓಡಿಸಿ. ತುದಿಗೆ ಬರುತ್ತಾ ಹ್ಯಾಂಡಲ್ ಕೈಗೆ ಭಾರವಾದರೆ ಮಧ್ಯಭಾಗ ಸವೆದಿದೆ. ಯಾಕಂದ್ರೆ ಜಾಸ್ತಿ ಕೆಲಸ ನಡೆಯುವುದು ಅಲ್ಲೇ ಅಲ್ವಾ? ನನ್ನ ಮಷೀನ್ ಕೂಡ ಹೀಗೇ ಇದೆ. ಸಣ್ಣ ಜಾಬ್‌ಗಳಿಗೆ ಏನೂ ತೊಂದರೆಯಾಗಿಲ್ಲ. ತುದಿಯಲ್ಲಿ ಸರಿಹೋಗಲಿ ಅಂತ ಗಿಬ್ ಸಡಿಲ ಮಾಡಬೇಡಿ, ಮಧ್ಯದಲ್ಲಿ ಟೇಬಲ್ ಅಲುಗಾಡುತ್ತೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಈ ಎಫ್‌ಪಿ1ರ ಡ್ರಾಬಾರ್ (ಕಟರ್ ಹಿಡಿಯುವ ಟೂಲ್ ಹೋಲ್ಡರನ್ನು ಸ್ಪಿಂಡಲ್ ಒಳಗೆ ಎಳೆದು ಹಿಡಿಯುವ ಸರಳು) ಥ್ರೆಡ್ ಎಸ್20×2, ಗರಗಸದ ಹಲ್ಲಿನ ಆಕಾರದ್ದು. ಸಾಮಾನ್ಯ ಥ್ರೆಡ್‌ನ ಟೂಲ್ ಹೋಲ್ಡರ್ ಒತ್ತಾಯ ಮಾಡಿ ಹಾಕಿದರೆ ಡ್ರಾಬಾರೇ ಹಾಳಾಗುತ್ತೆ. ಹೋಲ್ಡರ್ ಕೊಳ್ಳುವ ಮುಂಚೆ ನಿಮ್ಮ ಸ್ಪಿಂಡಲ್ (ಕಟರ್ ತಿರುಗಿಸುವ ದಂಡ) ಒಳಗಿನ ಚೂಪಾಗುತ್ತಾ ಹೋಗುವ ರಂಧ್ರ, ಅಂದ್ರೆ ಟೇಪರ್, ಯಾವ ಅಳತೆಯದು, ಮೋರ್ಸ್ 4 ಟೇಪರಾ, 40 ಟೇಪರಾ ಅಂತಲೂ ನೋಡಿಕೊಳ್ಳಿ.